ಸುಮ್ಮನೆ ಇಟ್ಟ ಕೈ

ನನ್ನ ಗಂಡ ವಿಮಾ ಕಂಪನಿಯಲ್ಲಿ ಸರ್ವೇಯರ್. ಡಿಕ್ಕಿಯಾದ ಕಾರುಗಳನ್ನು ಸುತ್ತು ಹಾಕಿ ನೋಡಿ, “ಇದು ಈ ಡಿಕ್ಕಿಯಲ್ಲಿ ಆದ ಪೆಟ್ಟಲ್ಲ, ಹಳೇದು” ಎಂದು ಬರೆಯುವುದು ಅವರ ಕೆಲಸ. ಮನುಷ್ಯರೆಲ್ಲ ಮೂಲತಃ ಸುಳ್ಳರು ಎಂಬ ನಂಬಿಕೆಯ ಮೇಲೆ ನಮ್ಮ ಮನೆಯ ಒಲೆ ಉರಿಯುತ್ತದೆ. ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ ನಾನು ಕಿಟಕಿಯ ಪರದೆ ಎಳೆದು, ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದೆ. ಅವರು ಬಾಗಿಲಲ್ಲಿ ನಿಂತು, ಕಾರು ನೋಡುವ ಹಾಗೆಯೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಪೆಟ್ಟು ಎಲ್ಲೂ ಕಾಣಿಸ್ತಾ ಇಲ್ಲವಲ್ಲ” ಎಂದರು.

ಅಂದೇ ನನ್ನ ಕ್ಲೇಮು ತಿರಸ್ಕೃತವಾಯಿತು.

ನನ್ನದು ಮೈಗ್ರೇನ್. ನಮ್ಮ ಭಾಷೆಯಲ್ಲಿ ಅರೆತಲೆನೋವು. ಈ ಹೆಸರಿಟ್ಟ ಪುಣ್ಯಾತ್ಮನಿಗೆ ಖಂಡಿತ ಆ ನೋವು ಬಂದಿರಲಾರದು. ಬಂದಿದ್ದರೆ ಅರ್ಧಕ್ಕೆ ನಿಲ್ಲಿಸುತ್ತಿರಲಿಲ್ಲ. ಮೊದಲು ಕಣ್ಣಿನ ಅಂಚಿನಲ್ಲಿ ಒಂದು ಚುಕ್ಕೆ ಮಿನುಗುತ್ತದೆ. ಅದು ಬೆಳೆಯುತ್ತ ಬೆಳೆಯುತ್ತ ಎದುರಿಗಿರುವುದರಲ್ಲಿ ಅರ್ಧವನ್ನು ನುಂಗುತ್ತದೆ. ಆಮೇಲೆ ಎಡಗಣ್ಣಿನ ಹಿಂದೆ ಯಾರೋ ಮೊಳೆ ಹೊಡೆಯಲು ಕೂರುತ್ತಾರೆ. ಬೆಳಕು ಬೇಡ, ಸದ್ದು ಬೇಡ, ಈರುಳ್ಳಿ ಹುರಿಯುವ ವಾಸನೆ ಬಂದರೆ ಹೊಟ್ಟೆಯಲ್ಲಿದ್ದುದೆಲ್ಲ ಹೊರಗೆ. ಇಷ್ಟಕ್ಕೂ ನಮ್ಮ ಯಜಮಾನರದು ಒಂದೇ ಪ್ರಶ್ನೆ: “ಅರ್ಧ ತಲೆನೋವಿಗೆ ಪೂರ್ತಿ ದಿನ ರಜಾ ಯಾಕೆ? ಅರ್ಧ ದಿನ ಹಾಕು.”

ಅತ್ತೆಯವರು ಅಷ್ಟು ಕಟುಕರಲ್ಲ. ಅವರು ಬೇರೆ ರೀತಿಯಲ್ಲಿ ಕೊಲ್ಲುತ್ತಿದ್ದರು.

“ನಮಗೂ ತಲೆ ಇತ್ತಮ್ಮಾ, ನೋವೂ ಇತ್ತು. ಅದಕ್ಕೊಂದು ಹೆಸರಿಡೋಕೆ ಪುರುಸೊತ್ತು ಇರ್ಲಿಲ್ಲ, ಅಷ್ಟೇ” ಎನ್ನುತ್ತಿದ್ದರು.

ಉಳಿದವರದು ಸಲಹೆಗಳು. ನಾದಿನಿ ಕಾಫಿ ಬಿಡು ಎಂದಳು. ಪಕ್ಕದ ಮನೆಯಾಕೆ ಕಾಫಿ ಕುಡಿ ಎಂದಳು. ಕನ್ನಡಕದಂಗಡಿಯವನು ಕನ್ನಡಕ ಎಂದ, ಹಾಸಿಗೆಯಂಗಡಿಯವನು ದಿಂಬು ಎಂದ. ನಮ್ಮ ಡ್ರೈವಿಂಗ್ ಸ್ಕೂಲಿನ ಮಾಲೀಕರು, “ನೀವು ಜಾಸ್ತಿ ಯೋಚನೆ ಮಾಡ್ತೀರಿ” ಎಂದರು. ನನ್ನ ಕೆಲಸ ಏನೆಂದು ಗೊತ್ತಿದ್ದೂ ಹಾಗೆಂದರು.

ನಾನು ಕಾರು ಕಲಿಸುವವಳು. ಸ್ಟಿಯರಿಂಗ್ ಹಿಡಿದವರ ಪಕ್ಕದಲ್ಲಿ, ಕಾಲಡಿಯಲ್ಲಿ ಇನ್ನೊಂದು ಬ್ರೇಕು ಇಟ್ಟುಕೊಂಡು ಕೂರುವುದು ನನ್ನ ವೃತ್ತಿ. ದಿನವಿಡೀ ಕುತ್ತಿಗೆ ಒಂದೇ ಕಡೆ ತಿರುಗಿರುತ್ತದೆ. ಒಂದು ಕಣ್ಣು ಕಲಿಯುವವರ ಕೈಮೇಲೆ, ಒಂದು ಕನ್ನಡಿಯ ಮೇಲೆ, ಮೂರನೆಯದಿದ್ದರೆ ರಸ್ತೆಯ ಮೇಲೆ. ಬ್ರೇಕ್ ಒತ್ತಿ ಎಂದರೆ ಆಕ್ಸಲರೇಟರ್ ಒತ್ತುವ ಮಹಾನುಭಾವರ ಪಕ್ಕ ಕೂತವಳು ಯೋಚನೆ ಮಾಡದೆ ಇದ್ದರೆ ಮಾಲೀಕರಿಗೆ ಕಾರೂ ಉಳಿಯುವುದಿಲ್ಲ, ನಾನೂ ಉಳಿಯುವುದಿಲ್ಲ.

ಊರಿಗೆಲ್ಲ ಕಾರು ಕಲಿಸುವವಳ ಗಂಡನಿಗೆ ಕಾರು ಬರುವುದಿಲ್ಲ. ದೀಪದ ಬುಡದಲ್ಲಿ ಕತ್ತಲೆ. ಊರಿನ ಡಿಕ್ಕಿಗಳನ್ನೆಲ್ಲ ಅಳೆದು ತಪ್ಪು ಯಾರದೆಂದು ತೀರ್ಪು ಕೊಡುವವರು ಆ ಡಿಕ್ಕಿ ನೋಡಲು ಬಸ್ಸಿನಲ್ಲಿ ಹೋಗುತ್ತಾರೆ. ಕಲಿಯುವವರಿಗೆ ಕೊಡುವ ಲರ್ನರ್ ಲೈಸೆನ್ಸನ್ನು ಮಾತ್ರ ತಪ್ಪದೆ ನವೀಕರಿಸುತ್ತಾರೆ. ನಾನು ಕಲಿಸಲು ಹೋದಾಗ ಮೊದಲು ಗೊತ್ತಾದದ್ದು, ಗಾಬರಿಯಾದರೆ ಅವರಿಗೆ ಎಡ ಬಲ ತಿಳಿಯುವುದಿಲ್ಲ ಎಂದು. “ಎಡಕ್ಕೆ” ಎಂದರೆ ಬಲಕ್ಕೆ, “ಬಲಕ್ಕೆ” ಎಂದರೆ ನನ್ನ ಮುಖಕ್ಕೆ. ಕೊನೆಗೆ ಒಂದು ಉಪಾಯ ಮಾಡಿದೆ. ಎಡಗೈಯಲ್ಲಿ ಗಡಿಯಾರ ಕಟ್ಟುತ್ತಾರಲ್ಲ, ಎಡವೆಂದರೆ ವಾಚಿನ ಕಡೆ, ಬಲವೆಂದರೆ ಬರಿಗೈ ಕಡೆ. ಅದು ಸ್ವಲ್ಪ ನಾಟಿತು. ಆದರೆ ಕಾರು ನಿಲ್ಲಿಸುವ ಪಾಠಕ್ಕೆ ಬರುವ ಮೊದಲೇ ನಮಗೆ ಜಗಳವಾಗಿ, ಅವರು ನಡುರಸ್ತೆಯಲ್ಲಿ ಇಳಿದು ಬಸ್ಸು ಹತ್ತಿ ಮನೆಗೆ ಹೋದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ಕಲಿಸುವವಳೇ ಡೊಂಕು ಎಂದರು.

ಇರಲಿ, ನೋವಿನ ಕಥೆಗೆ ಬರುತ್ತೇನೆ.

ಆಸ್ಪತ್ರೆಯ ನರವೈದ್ಯರು ಒಳ್ಳೆಯವರು. ದಿನಾ ನುಂಗಲು ಒಂದು ಮಾತ್ರೆ, ನೋವು ಶುರುವಾದ ಕೂಡಲೇ ನುಂಗಲು ಇನ್ನೊಂದು ಕೊಟ್ಟಿದ್ದರು. ಅವು ಕೆಲಸ ಮಾಡುತ್ತಿದ್ದವು, ಆದರೆ ಸರಕಾರಿ ನೌಕರರ ಹಾಗೆ, ತಮಗೆ ಮನಸ್ಸು ಬಂದಾಗ. ಒಂದು ದಿನ ಅವರು ಹೊಸ ಅಧ್ಯಯನದ ವಿಷಯ ತೆಗೆದರು. ಆಸ್ಟಿಯೋಪಥಿ ಅಂತ ಒಂದು ವಿದ್ಯೆ ಇದೆ, ಕುತ್ತಿಗೆ, ಬೆನ್ನು, ಪಕ್ಕೆಲುಬಿನ ಕೀಲು ಸ್ನಾಯುಗಳನ್ನು ಕೈಯಿಂದಲೇ ಒತ್ತಿ, ಎಳೆದು, ಸಡಿಲಿಸುತ್ತಾರೆ, ಮಾತ್ರೆಯ ಜೊತೆ ಅದನ್ನೂ ಮಾಡಿಸಿದರೆ ಮೈಗ್ರೇನಿನವರಿಗೆ ಉಪಯೋಗವಾಗುತ್ತದೆಯೇ ಎಂದು ಆಸ್ಪತ್ರೆಯವರು ನೋಡುತ್ತಿದ್ದಾರಂತೆ.

“ಜೊತೆಗೆ. ಬದಲಿಗೆ ಅಲ್ಲ” ಎಂದು ಅವರು ಮತ್ತೆ ಮತ್ತೆ ಹೇಳಿದರು. “ಮಾತ್ರೆ ಬಿಡೋ ಹಾಗಿಲ್ಲ.”

ಬಂದವರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ನಿಜವಾಗಿ ಒತ್ತುತ್ತಾರೆ. ಇನ್ನೊಂದು ಗುಂಪಿಗೆ ಒತ್ತಿದ ಹಾಗೆ ನಟಿಸಿ ಸುಮ್ಮನೆ ಕೈ ಇಡುತ್ತಾರೆ. ಮೂರನೆಯ ಗುಂಪಿಗೆ ಬರೀ ಮಾತ್ರೆ. ಮೊದಲೆರಡರಲ್ಲಿ ನಾವು ಯಾವುದೆಂದು ಅಧ್ಯಯನ ಮುಗಿಯುವವರೆಗೆ ನಮಗೆ ಹೇಳುವುದಿಲ್ಲ. ಇದನ್ನೆಲ್ಲ ವೈದ್ಯರು ಬಿಡಿಸಿ ಹೇಳಿದರು. ನಾನು ತಲೆಯಾಡಿಸಿದೆ. ಆದರೆ ಸುಳ್ಳಿನ ಗುಂಪಿಗೆ ಬೀಳುವವರು ಯಾವಾಗಲೂ ಬೇರೆಯವರು. ಅಪಘಾತವೂ ಹಾಗೆಯೇ, ಬೇರೆಯವರಿಗೇ ಆಗುವುದು.

“ದುಡ್ಡು ಎಷ್ಟಂತೆ?” ಎಂದರು ಅತ್ತೆ.

“ಬಿಟ್ಟಿ.”

“ಹಾಗಾದ್ರೆ ಹೋಗು. ನನ್ನ ಮಂಡಿಗೂ ಮಾಡ್ತಾರಾ ಕೇಳು.”

ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ.

ಚಿಕಿತ್ಸೆಯ ಕೋಣೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳನ್ನು ದಾಟಿದ ಮೇಲೆ ಇತ್ತು. ಬೂದು ಪರದೆ, ಕಾಗದದ ಹಾಸು ಹಾಕಿದ ಇಕ್ಕಟ್ಟಿನ ಮಂಚ, ಗೋಡೆಯ ಮೇಲೆ ಒಂದು ಗಡಿಯಾರ. ಅದು ನಿಂತಿತ್ತು. ಅದರ ಟಿಕ್ ಟಿಕ್ ತಲೆಗೆ ಬಡಿಯುತ್ತದೆ ಎಂದು ಯಾರೋ ರೋಗಿ ಹೇಳಿದ್ದಕ್ಕೆ ಸೆಲ್ ತೆಗೆದುಬಿಟ್ಟಿದ್ದರಂತೆ. ಒಬ್ಬ ರೋಗಿಯ ಮಾತು ಕೇಳಿ ಗಡಿಯಾರವನ್ನೇ ನಿಲ್ಲಿಸುವ ಜನ ಭೂಮಿಯ ಮೇಲಿದ್ದಾರೆಂದು ನನಗೆ ಗೊತ್ತಿರಲಿಲ್ಲ.

ಚಿಕಿತ್ಸೆ ಮಾಡುವಾಕೆ ಗಿಡ್ಡ ಹೆಂಗಸು, ಕೈಗಳು ಮಾತ್ರ ಗಂಡಸಿನ ಅಳತೆಯವು. ಮುಟ್ಟುವ ಮುಂಚೆ ಬಿಸಿನೀರಿನ ನಲ್ಲಿಯಡಿ ಎರಡೂ ಕೈ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ಹೀಗಾಗಿ ಮನೆಯಲ್ಲಿ ನಾವು ಆಕೆಗೆ ‘ಬಿಸಿಗೈ’ ಎಂದೇ ಹೆಸರಿಟ್ಟೆವು. ಹೆಚ್ಚು ಮಾತಾಡಬಾರದೆಂದು ಆಕೆಗೆ ನಿಯಮವಿತ್ತೇನೋ. ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ.

“ಯಾವ ಕಡೆ ನೋವು?”

ಇಷ್ಟು ವರ್ಷದ ಸಂಸಾರದಲ್ಲಿ ಯಾರೂ ಕೇಳಿರದ ಪ್ರಶ್ನೆ ಅದು. ನೋವು ಇದೆಯೋ ಇಲ್ಲವೋ ಎಂಬುದೇ ತೀರ್ಮಾನವಾಗದ ಮನೆಯಲ್ಲಿ ಅದು ಯಾವ ಕಡೆ ಎಂದು ಯಾರು ಕೇಳುತ್ತಾರೆ?

“ಎಡಗಡೆ” ಎಂದೆ.

ಆಕೆ ಒಂದು ಕೈಯನ್ನು ನನ್ನ ತಲೆಯಡಿ ಇಟ್ಟಳು. ಆಮೇಲೆ ಭುಜದ ಮೇಲೆ. ಆಮೇಲೆ ಪಾದದ ಗಂಟಿನ ಮೇಲೆ. ತಲೆನೋವಿಗೂ ಪಾದಕ್ಕೂ ಏನು ಸಂಬಂಧ ಎಂದು ಕೇಳೋಣವೆನ್ನಿಸಿತು. ಕೇಳಿ, ಆಕೆ ಕೈ ತೆಗೆದುಬಿಟ್ಟರೆ ಎಂದು ಸುಮ್ಮನಾದೆ. ಅಷ್ಟು ಹೊತ್ತು ಯಾರೂ ನನ್ನನ್ನು ಕರೆಯಲಿಲ್ಲ, ಯಾರೂ ಕ್ಲಚ್ಚು ಬಿಡಲಿಲ್ಲ, ನನ್ನ ಬಲಗಾಲು ಕಾಣದ ಬ್ರೇಕನ್ನು ಹುಡುಕುವುದನ್ನು ನಿಲ್ಲಿಸಿತು.

ವಾರಗಳು ಕಳೆದ ಹಾಗೆ ನೋವು ಬರುವುದು ವಿರಳವಾಯಿತು. ಬಂದರೂ ಬೇಗ ಹೋಗುತ್ತಿತ್ತು. ಆಗ ನಮ್ಮ ಮನೆಯಲ್ಲಿ ಒಂದು ಪವಾಡ ನಡೆಯಿತು. ನೋವು ಇದ್ದಾಗ ನಂಬದವರು, ಅದು ಹೋದ ಮೇಲೆ ಅದು ಇತ್ತೆಂದು ನಂಬಿದರು.

“ನಮ್ಮ ಮನೆಯವಳಿಗೆ ಭಯಂಕರ ಮೈಗ್ರೇನ್ ಇತ್ತು” ಎಂದು ಗಂಡ ಆಫೀಸಿನಲ್ಲಿ ಹೇಳಿಕೊಂಡು ತಿರುಗಿದರು. ಕುತ್ತಿಗೆಯ ಒಂದು ಕೀಲು ಸರಿದಿತ್ತೆಂದೂ ಬಿಸಿಗೈ ಅದನ್ನು ಕೂರಿಸಿದಳೆಂದೂ ವಿವರಣೆ ಬೇರೆ. ಬಂಪರು ಕೂರಿಸುವುದನ್ನು ನೋಡಿದವರಿಗೆ ಕೀಲು ಕೂರಿಸುವುದು ಅರ್ಥವಾಗದೇ? ಅತ್ತೆ ಫೋನಿನಲ್ಲಿ ತಮ್ಮ ತಂಗಿಗೆ, “ಗೋಡೆಗೆ ತಲೆ ಚಚ್ಕೋತಿದ್ಲು ಕಣೇ, ನೋಡೋಕಾಗ್ತಿರ್ಲಿಲ್ಲ” ಎಂದು ಹೇಳುವುದು ಕೇಳಿಸಿತು. ನಾನು ಯಾವತ್ತೂ ಗೋಡೆಗೆ ತಲೆ ಚಚ್ಚಿಕೊಂಡವಳಲ್ಲ. ಆದರೂ ತಿದ್ದಲಿಲ್ಲ. ಬಾಕಿ ಇದ್ದ ಮರುಕ ಬಡ್ಡಿ ಸಮೇತ ಬರುತ್ತಿರುವಾಗ ಯಾರಾದರೂ ಬೇಡವೆನ್ನುತ್ತಾರೆಯೇ?

ಒಂದು ಸಂಜೆ ಕೆಲಸದಿಂದ ಬಂದು ಕುರ್ಚಿಯಲ್ಲಿ ಕೂತು ಹಣೆಗೆ ಕೈ ಹಚ್ಚಿದೆ. ಬೆವರು ಒರೆಸಿಕೊಳ್ಳಲು ಅಷ್ಟೇ. ಗಂಡ ಎದ್ದು ಹೋಗಿ ಟೀವಿ ಆರಿಸಿದರು. ನಿಜ ಹೇಳುತ್ತೇನೆ, ನೋವು ಕಡಿಮೆಯಾದದ್ದಕ್ಕಿಂತ ಅದು ನನಗೆ ದೊಡ್ಡದು. ನೋವು ನಾಳೆ ಬಂದರೆ ಬರಲಿ, ಈ ನಂಬಿಕೆ ಮಾತ್ರ ಹೋಗದಿರಲಿ ಎಂದುಕೊಂಡೆ.

ಅಂದುಕೊಂಡವಳು ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಅಧ್ಯಯನ ಮುಗಿದ ಮೇಲೆ ಆಸ್ಪತ್ರೆಯವರು ಎಲ್ಲರನ್ನೂ ಕರೆದರು, ಮನೆಯವರೂ ಬರಬಹುದು ಎಂದರು. ನನ್ನ ಕಾಯಿಲೆ ನಿಜವೆಂದು ವೈದ್ಯರ ಬಾಯಿಂದಲೇ ಇವರೆಲ್ಲ ಕೇಳಲಿ, ಮೊಹರು ಬಿದ್ದುಬಿಡಲಿ ಎಂಬ ಹಟದಿಂದ ನಾನೇ ಗಂಡನನ್ನೂ ಅತ್ತೆಯನ್ನೂ ನಮ್ಮ ಸ್ಕೂಲಿನ ಕಾರಿನಲ್ಲಿ ಕೂರಿಸಿಕೊಂಡು ಹೋದೆ. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ.

ಸಭಾಂಗಣದಲ್ಲಿ ಒಂದು ಟ್ಯೂಬ್‌ಲೈಟು ಮಿಟುಕುತ್ತಿತ್ತು. ಮೈಗ್ರೇನಿನವರನ್ನೇ ಹುಡುಕಿ ಹುಡುಕಿ ಸೇರಿಸಿದ ಸಭೆಗೆ ಇದಕ್ಕಿಂತ ಒಳ್ಳೆಯ ಸ್ವಾಗತ ಬೇಕೆ? ಭಾಷಣ, ಪರದೆಯ ಮೇಲೆ ಗೆರೆಗಳು, ಚಹಾ, ಬಿಸ್ಕತ್ತು. ನಿಜವಾಗಿ ಒತ್ತಿಸಿಕೊಂಡವರಿಗೆ ನೋವು ಕಡಿಮೆಯಾಗಿದೆ, ಸುಮ್ಮನೆ ಕೈ ಇಡಿಸಿಕೊಂಡವರಿಗೂ ಸ್ವಲ್ಪಮಟ್ಟಿಗೆ ಆಗಿದೆ, ಎಷ್ಟು ಯಾವುದರಿಂದ ಎಂದು ಹೇಳಲು ಇನ್ನೂ ದೊಡ್ಡ ಅಧ್ಯಯನ ಆಗಬೇಕು ಎಂದರು. ದೊಡ್ಡ ಅಧ್ಯಯನ ಮಾಡಿದ್ದರೆ ಇನ್ನೂ ದೊಡ್ಡದು ಆಗಬೇಕು ಎನ್ನುತ್ತಿದ್ದರು. ಅತ್ತೆ ಬಿಸ್ಕತ್ತುಗಳನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಆಮೇಲೆ ಒಬ್ಬೊಬ್ಬರನ್ನೇ, ಅವರವರ ಮನೆಯವರ ಸಮೇತ, ಪಕ್ಕದ ಕೋಣೆಗೆ ಕರೆದರು. ಒಳಗೆ ನರವೈದ್ಯರೂ ಬಿಸಿಗೈಯೂ ಕೂತಿದ್ದರು. ಆಕೆ ನನ್ನ ಮುಖ ನೋಡಲಿಲ್ಲ. ಟೆಸ್ಟಿನಲ್ಲಿ ಫೇಲಾದವರಿಗೆ ಸುದ್ದಿ ಹೇಳುವಾಗ ನಾನೂ ಹಾಗೆಯೇ ಡ್ಯಾಶ್‌ಬೋರ್ಡು ನೋಡುತ್ತೇನೆ.

“ನೀವು ಎರಡನೇ ಗುಂಪು” ಎಂದರು ವೈದ್ಯರು. “ಅಂದ್ರೆ ನಿಮಗೆ ನಿಜವಾದ ಚಿಕಿತ್ಸೆ ಆಗಿಲ್ಲ. ಸುಮ್ಮನೆ ಕೈ ಇಟ್ಟಿದ್ದು.”

ನಾನು ಬಿಸಿಗೈಯನ್ನು ನೋಡಿದೆ. “ಒತ್ತೇ ಇಲ್ವಾ? ಒಂದ್ಸಲಾನೂ?”

“ಒತ್ತಬಾರದು, ಎಳೀಬಾರದು ಅಂತ ನಿಯಮ ಇತ್ತು ಕಣ್ರೀ” ಎಂದಳು ಆಕೆ. “ಸುಮ್ಮನೆ ಇಡೋದು ಒತ್ತೋದಕ್ಕಿಂತ ಕಷ್ಟ. ಕೈ ತಾನಾಗೇ ಏನಾದ್ರೂ ಮಾಡೋಕೆ ಹೋಗುತ್ತೆ. ತಡ್ಕೊಂಡು ಇರಬೇಕು.”

ಪಕ್ಕದಲ್ಲಿ ನನ್ನ ಗಂಡ ನೆಟ್ಟಗೆ ಕೂತರು. ಸುಳ್ಳು ಕ್ಲೇಮು ಸಿಕ್ಕಿಬಿದ್ದಾಗ ಅವರ ಮುಖಕ್ಕೆ ಬರುವ ಕಳೆ ನನಗೆ ಚೆನ್ನಾಗಿ ಗೊತ್ತು.

“ಅಂದ್ರೆ ಡಾಕ್ಟ್ರೇ, ಸುಳ್ಳು ಚಿಕಿತ್ಸೆಗೆ ಹೋಗಿರೋ ನೋವು...”

“ನೋವು ಸುಳ್ಳಲ್ಲ” ಎಂದರು ವೈದ್ಯರು. ಮೆದುಳು, ನಿರೀಕ್ಷೆ, ಸ್ಪರ್ಶ, ವಿಶ್ರಾಂತಿ, ಜೊತೆಗೆ ತಪ್ಪದೆ ನುಂಗಿದ ಮಾತ್ರೆ ಎಂದು ಬಹಳ ಹೊತ್ತು ಬಿಡಿಸಿ ಹೇಳಿದರು. ಗಂಡ ತಲೆದೂಗುತ್ತ ಕೇಳಿದರು. ಕಾರಿನವರ ಗೋಳನ್ನೂ ಅವರು ಹಾಗೆಯೇ ತಲೆದೂಗುತ್ತ ಕೇಳುತ್ತಾರೆ, ಮುಗಿದ ಮೇಲೆ ಆಗುವುದಿಲ್ಲ ಎಂದು ಬರೆಯುತ್ತಾರೆ. ಎರಡನೇ ಗುಂಪಿನವರು ಬೇಕಾದರೆ ಈಗ ನಿಜವಾದ ಚಿಕಿತ್ಸೆಯನ್ನು ಬಿಟ್ಟಿಯಾಗಿ ಮಾಡಿಸಿಕೊಳ್ಳಬಹುದು ಎಂದು ವೈದ್ಯರು ಹೇಳಿದಾಗ ಅತ್ತೆ ಒಬ್ಬರೇ ಆಸಕ್ತಿ ತೋರಿಸಿ ಮಂಡಿಯ ವಿಷಯ ಎತ್ತಿದರು.

ಕಾರು ಆಸ್ಪತ್ರೆಯ ಗೇಟು ದಾಟುವವರೆಗೂ ಗಂಡ ತಡೆದುಕೊಂಡಿದ್ದರು. ಆಮೇಲೆ ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

“ಪಾದ ಮುಟ್ಟಿ ತಲೆನೋವು ಓಡಿಸಿದ್ರಂತೆ! ನಾನು ಆವತ್ತೇ ಹೇಳಿರ್ಲಿಲ್ವಾ? ಪೆಟ್ಟೇ ಇಲ್ಲದ ಗಾಡಿಗೆ ರಿಪೇರೀನೇ ಇಲ್ಲದ ರಿಪೇರಿ!”

“ಅಯ್ಯೋ, ನಾನು ಊರೆಲ್ಲ ಹೇಳ್ಕೊಂಡು ಬಂದೆನಲ್ಲೋ” ಎಂದು ಹಿಂದಿನ ಸೀಟಿನಿಂದ ಅತ್ತೆ. “ನನ್ನ ತಂಗಿ ಏನಂದ್ಕೊಳ್ತಾಳೋ?”

ನಾನು ಗೇರು ಬದಲಿಸಿದೆ. ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಅಳು ಬಂದಿತ್ತು. ಆರಿಸಿದ್ದ ಟೀವಿ ಮತ್ತೆ ಹೊತ್ತಿಕೊಳ್ಳುವುದು ಕಾಣುತ್ತಿತ್ತು. ಹಿಂದಿನ ಎಲ್ಲ ನೋವುಗಳನ್ನೂ ಒಂದೊಂದಾಗಿ ತೆಗೆದು, ಇದೂ ಸುಳ್ಳು, ಇದೂ ಸುಳ್ಳು ಎಂದು ಇವರು ಮೊಹರು ಒತ್ತುತ್ತಾರೆ. ನಾನೇ ಕೈಹಿಡಿದು ಕರೆತಂದು ಒತ್ತಿಸಿದ ಹಾಗಾಯಿತು.

ಮುಂದಿನ ವ್ಯಾನಿನ ನಂಬರ್ ಪ್ಲೇಟು ನೋಡಿದೆ. ಅದರಲ್ಲಿ ಅರ್ಧ ಇರಲಿಲ್ಲ.

ಕಣ್ಣು ಮಿಟುಕಿಸಿದೆ. ಇದ್ದ ಅರ್ಧದ ಅಂಚಿನಲ್ಲಿ ಗೆರೆಗಳು ಮಿನುಗುತ್ತಿದ್ದವು, ಆ ದರಿದ್ರ ಟ್ಯೂಬ್‌ಲೈಟಿನ ಹಾಗೆ. ಹೀಗಿರುವಾಗ ಸ್ಟಿಯರಿಂಗ್ ಹಿಡಿಯುವುದು ಕೊಲೆಗೆ ಸಮ ಎಂದು ಬೇರೆಯವರಿಗೆ ಪಾಠ ಹೇಳುವವಳು ನಾನು. ಇಂಡಿಕೇಟರ್ ಹಾಕಿ ರಸ್ತೆಯ ಬದಿಗೆ ತಂದು ನಿಲ್ಲಿಸಿದೆ. ನಿಲ್ಲಿಸಿದ್ದು ಬಸ್ ಸ್ಟಾಪಿನಲ್ಲಿ ಎಂದು ಆಮೇಲೆ ಗೊತ್ತಾಯಿತು.

“ರೀ, ಶುರುವಾಯ್ತು.”

“ಏನು?”

“ನೋವು.”

“ಯಾವುದು, ನಿಜದ್ದಾ ಸುಳ್ಳಿಂದಾ?”

ಅವರ ಕಡೆ ತಿರುಗಿದೆ. ಒಂದು ಕಿವಿ, ಒಂದು ಕಣ್ಣು, ಅರ್ಧ ಮೀಸೆ ಇತ್ತು. ಉಳಿದದ್ದು ಇರಲಿಲ್ಲ. ಆ ನಗು ಅರ್ಧ ಮಾತ್ರ ಕಾಣುತ್ತಿತ್ತು. ಅಷ್ಟರ ಮಟ್ಟಿಗೆ ಮೈಗ್ರೇನು ನನಗೆ ಉಪಕಾರ ಮಾಡಿತು.

ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯಿತು. ಎಡಗಣ್ಣಿನ ಹಿಂದೆ ಮೊದಲ ಮೊಳೆ ಇಳಿಯಿತು. ಚೀಲದಿಂದ ಮಾತ್ರೆ ತೆಗೆದು ನುಂಗಿ, ಬಾಗಿಲು ತೆರೆದು ಇಳಿದೆ. ಕಾರು ಹಿಡಿದುಕೊಂಡೇ ಸುತ್ತಿ ಬಂದು ಅವರ ಕಡೆಯ ಬಾಗಿಲು ತೆಗೆದೆ.

“ಆ ಕಡೆ ಹೋಗಿ. ನೀವೇ ಓಡಿಸಿ.”

“ನಾನಾ? ತಲೆ ಕೆಟ್ಟಿದೆಯಾ ನಿಂಗೆ? ಟ್ಯಾಕ್ಸಿ ಕರೀತೀನಿ.”

“ಬಸ್ಸಿಗೆ ಜಾಗ ಬಿಡಿ ಮೊದ್ಲು. ಸ್ವಲ್ಪ ಮುಂದೆ ತಗೊಂಡು ಹೋಗಿ.”

ಬಸ್ಸು ಇನ್ನೊಮ್ಮೆ ಕೂಗಿತು. ನಾನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ರಸ್ತೆಯ ಮೇಲೆಯೇ ಕೂತುಬಿಡುವವಳಿದ್ದೆ. ಅವರು ಏನು ಕಂಡರೋ, ಇಳಿದು ಆ ಕಡೆ ಹೋದರು. ನಾನು ನನ್ನ ಮಾಮೂಲಿ ಸೀಟಿನಲ್ಲಿ ಕೂತು, ಎರಡನೇ ಬ್ರೇಕಿನ ಮೇಲೆ ಕಾಲಿಟ್ಟು, ಕಣ್ಣು ಮುಚ್ಚಿದೆ. ಬಿಟ್ಟಿದ್ದರೂ ಉಪಯೋಗವಿರಲಿಲ್ಲ.

ನೂರಾರು ಜನಕ್ಕೆ ಕಲಿಸಿದ್ದೇನೆ. ಕಣ್ಣು ಮುಚ್ಚಿಕೊಂಡು ಕಲಿಸಿದ್ದು ಅದೊಂದೇ ಸಲ, ಯಾರೂ ಹಾಗೆ ಮಾಡಬಾರದು.

“ಕ್ಲಚ್ ನಿಧಾನ. ಕನ್ನಡಿ ನೋಡಿ. ಬಿಡಿ.”

ಕಾರು ಮುಗ್ಗರಿಸಿ ಹೊರಟಿತು. ಸ್ವಲ್ಪ ಮುಂದೆ ಎಂದು ಹೊರಟವರಿಗೆ ಎಲ್ಲಿ ನಿಲ್ಲಿಸುವುದೆಂದು ತಿಳಿಯಲಿಲ್ಲ. ಒಂದು ಜಾಗ ಕಂಡರೆ ಕಾರು ಅದನ್ನು ದಾಟಿರುತ್ತಿತ್ತು. ನಿಲ್ಲಿಸುವ ಪಾಠಕ್ಕೆ ಮೊದಲೇ ನಮಗೆ ಜಗಳವಾಗಿತ್ತಲ್ಲ, ಅದರ ಫಲ. ಹೀಗಾಗಿ ನಾವು ಮನೆಯ ಕಡೆಗೇ ಹೋಗಬೇಕಾಯಿತು.

“ಎಂಜಿನ್ ಕಿರುಚ್ತಾ ಇದೆ. ಎರಡನೇ ಗೇರು.”

“ಕಣ್ಣು ಮುಚ್ಚಿದೀಯಲ್ಲೇ!”

“ಕಿವಿ ಮುಚ್ಚಿಲ್ಲ.”

ಬಿಸಿಲು ರೆಪ್ಪೆಯೊಳಗೂ ಬರುತ್ತಿತ್ತು. ಪ್ರತಿ ಕುಲುಕಿಗೂ ಮೊಳೆ ಇನ್ನಷ್ಟು ಆಳಕ್ಕೆ ಹೋಗುತ್ತಿತ್ತು. ಔಷಧಿಯಂಗಡಿಯ ತಿರುವು ಬಂದಿತೆಂದು ಅವರು ಕೂಗಿದರು.

“ವಾಚಿನ ಕಡೆ” ಎಂದೆ.

ಕಾರು ಸರಿಯಾದ ಕಡೆಗೇ ತಿರುಗಿತು. ತಿರುಗಿದ ರಭಸಕ್ಕೆ ನನ್ನ ಹೊಟ್ಟೆಯೂ ತಿರುಗಿತು. ನಾನು ಬಾಯಿಗೆ ಕೈ ಅಡ್ಡ ಹಿಡಿದೆ. ಹಿಂದಿನಿಂದ ಸರಸರ ಸದ್ದು ಕೇಳಿಸಿತು. ಅತ್ತೆ ಬಿಸ್ಕತ್ತುಗಳನ್ನೆಲ್ಲ ಸೀಟಿನ ಮೇಲೆ ಸುರಿದು, ತಮ್ಮ ಚೀಲವನ್ನು ನನ್ನ ಮಡಿಲಿಗೆ ಚಾಚಿದರು. ಅದು ಅವರು ಯಾರಿಗೂ ಮುಟ್ಟಲು ಕೊಡದ ಚೀಲ. ನಾನು ಅದರಲ್ಲಿ ವಾಂತಿ ಮಾಡಿಕೊಂಡೆ. ಯಾರೋ ಸ್ಕೂಟರಿನವನು ಅಡ್ಡ ಬಂದದ್ದಕ್ಕೆ ಗಂಡ ಗಟ್ಟಿಯಾಗಿ ಬೈದಾಗ ಅತ್ತೆ ಅವರ ಭುಜಕ್ಕೆ ಒಂದು ಏಟು ಹಾಕಿದ್ದು ಕೇಳಿಸಿತು.

“ಕಿರುಚಬೇಡ್ವೋ. ಅವಳ ತಲೆ.”

ಸಿಗ್ನಲ್ಲಿನಲ್ಲಿ ಕಾರು ನಿಂತಿತು. ನಿಲ್ಲಿಸಿದ್ದು ನಾನು, ನನ್ನ ಬ್ರೇಕಿನಿಂದ, ಅವರ ಉಸಿರು ಬಿಗಿಯಾದದ್ದು ಕೇಳಿ. ಕೆಂಪು ದೀಪ ಹಸಿರಾಗಲು ಎಷ್ಟು ಹೊತ್ತಾಯಿತೋ ತಿಳಿಯದು. ಅಷ್ಟು ಹೊತ್ತೂ ಅವರು ನನ್ನನ್ನೇ ನೋಡುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ಈ ಸಲ ಪೆಟ್ಟು ಎಲ್ಲೂ ಕಾಣಿಸುತ್ತಿಲ್ಲ ಎನ್ನಲಿಲ್ಲ. ಏನೂ ಎನ್ನಲಿಲ್ಲ. ನನ್ನ ಗಂಡ ಏನೂ ಎನ್ನದೆ ಇರುವುದೆಂದರೆ ಅದನ್ನು ಬೇರೆಯವರ ಮಾತಿಗೆ ಸಮ ಎಂದು ತಿಳಿಯಬೇಕು.

ಮನೆ ತಲುಪಿದೆವು. ಗೇಟಿನ ಕಂಬಕ್ಕೆ ಕಾರಿನ ಪಕ್ಕ ಕರ್ ಎಂದು ಉಜ್ಜಿತು. ಅವರು ಇಳಿದು ಬಗ್ಗಿ ನೋಡಿದರು.

“ಇದು ಈಗಿಂದೇ ಪೆಟ್ಟು” ಎಂದರು. ಯಾರೂ ಕೇಳದೆ, ತಾವಾಗಿಯೇ. ಅವರ ವೃತ್ತಿಜೀವನದಲ್ಲಿ ಅಂಥ ವರದಿ ಅದೇ ಮೊದಲು.

ಕೋಣೆಯ ಪರದೆ ಎಳೆದು ನಾನು ಮಂಚದ ಮೇಲೆ ಮುದುಡಿದೆ. ಹೊರಗೆ ಪಾತ್ರೆಯ ಸದ್ದು ಶುರುವಾಗಿ, ನಿಂತಿತು. ಬಚ್ಚಲಲ್ಲಿ ನಲ್ಲಿ ಬಿಟ್ಟ ಸದ್ದು. ಅದು ಬಹಳ ಹೊತ್ತು ಸುರಿಯಿತು, ನಮ್ಮಲ್ಲಿ ಬಿಸಿನೀರು ಬರುವುದು ತಡ. ಆಮೇಲೆ ಬಾಗಿಲು ತೆರೆದುಕೊಂಡಿತು. ಅವರು ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು, ನನ್ನ ಎದುರಿಗೆ ಮಂಚದ ಅಂಚಿನಲ್ಲಿ ಕೂತರು.

“ಯಾವ ಕಡೆ?” ಎಂದರು.

ಮೆಲ್ಲಗೆ ಕೇಳಿದರು. ಅವರಿಗೆ ಅಷ್ಟು ಮೆಲ್ಲಗೆ ಮಾತಾಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಮುಚ್ಚಿದ ಕಣ್ಣಿಂದ ನೀರು ಇಳಿದು ದಿಂಬಿಗೆ ಹೋಯಿತು. ಅದು ನೋವಿನದೆಂದು ಅವರು ತಿಳಿದುಕೊಂಡಿರಬೇಕು.

“ವಾಚಿನ ಕಡೆ” ಎಂದೆ.

“ಒತ್ತಲಾ?”

“ಬೇಡ. ಸುಮ್ಮನೆ ಇಡಿ.”

ಕೈ ಬಂತು. ನೀರಿನ ಬಿಸಿ ಇನ್ನೂ ಇತ್ತು. ಸ್ವಲ್ಪ ಹೊತ್ತಿಗೆ ಹೆಬ್ಬೆರಳು ಏನೋ ಮಾಡಲು ಹೊರಟು, ನೆನಪಾಗಿ ನಿಂತಿತು. ಆಮೇಲೆ ಕೈ ನಿಜವಾಗಿಯೂ ಸುಮ್ಮನಾಯಿತು. ಅದರಿಂದ ನೋವು ಇಳಿಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಇಳಿಯಲಿಲ್ಲ. ಅದನ್ನು ಇಳಿಸುವುದು ಮಾತ್ರೆಯ ಕೆಲಸ, ಅದು ತನ್ನ ಹೊತ್ತಿಗೆ ಬರುತ್ತದೆ.

ಒಂದು ವಿಷಯ ಮಾತ್ರ ಇತ್ತು. ಅವರು ಕೂತದ್ದು ನನ್ನ ಎದುರಿಗೆ. ಹಾಗಾಗಿ ಅವರ ವಾಚಿನ ಕೈ ನೇರ ಬಂದು ಕೂತದ್ದು ನನ್ನ ಬಲಗಡೆ, ನೋವೇ ಇಲ್ಲದ ಅರ್ಧದ ಮೇಲೆ. ಕಲಿಸುವವಳ ಚಟ, ತಿದ್ದೋಣವೆಂದು ಬಾಯಿ ತೆರೆದೆ. ತಿದ್ದಲು ಹೋಗಿ, ಅವರು ಕೈ ತೆಗೆದುಬಿಟ್ಟರೆ ಎಂದು ಸುಮ್ಮನಾದೆ.